ಎಂಟು ತೋರಿಸಿದ ಪೆಟ್ಟಿಗೆ

ಭಾನುವಾರ ಬೆಳಗ್ಗೆ ಹತ್ತೂವರೆ. ಫೈಲಕ್ಕ ಒಣಗಿದ ಬಟ್ಟೆ ಮಡಚುತ್ತ ಕೂತಿದ್ದಳು. ತಮ್ಮ ಬಂದ, ಬಾಗಿಲಲ್ಲಿ ಚಪ್ಪಲಿ ಬಿಟ್ಟ, ಎದುರಿನ ಕುರ್ಚಿಯಲ್ಲಿ ಕೂತ. ಕುತ್ತಿಗೆಗೆ ತೂಗಿಹಾಕಿಕೊಂಡಿದ್ದ ಪುಟ್ಟ ಬಿಳಿ ಹಲಗೆಯ ಮೇಲೆ ಎರಡೇ ಮಾತು ಬರೆದು ಅವಳತ್ತ ತಿರುಗಿಸಿದ.

‘ಸರಿ. ತೆಗಿ.’

ಆ ಎರಡು ಮಾತಿಗಾಗಿ ಅವಳು ಹದಿನಾಲ್ಕು ತಿಂಗಳು ಕಾದಿದ್ದಳು. ಏನು ತೆಗೆಯಬೇಕು ಅಂತ ಕೇಳಬೇಕಾಗಿರಲಿಲ್ಲ. ತಮ್ಮನ ದನಿ ಒಳಕೋಣೆಯ ಕಪಾಟಿನ ಕೆಳಗಿನ ಹಲಗೆಯಲ್ಲಿ, ಊಟದ ಡಬ್ಬಿಯಷ್ಟು ದೊಡ್ಡ ಕಪ್ಪು ಪೆಟ್ಟಿಗೆಯೊಂದರಲ್ಲಿ ಭದ್ರವಾಗಿತ್ತು. ಮಡಚಿದ ಬಟ್ಟೆ ತೊಡೆಯಿಂದ ಜಾರಿ ನೆಲಕ್ಕೆ ಬಿದ್ದದ್ದೂ ತಿಳಿಯದೆ ಅವಳು ಎದ್ದು ಓಡಿದಳು. ಪೆಟ್ಟಿಗೆಯ ಮೇಲೆ ಹೊದಿಸಿದ್ದ ಬಟ್ಟೆ ತೆಗೆದು, ತಂತಿ ಸಿಕ್ಕಿಸಿ, ಗುಂಡಿ ಒತ್ತಿದಳು.

ನೀಲಿ ದೀಪ ಬಂತು. ಒಳಗೆ ಏನೋ ತಿರುಗತೊಡಗಿತು. ಆಮೇಲೆ, ಯಾರೋ ಉಗುರಿನಿಂದ ತಗಡು ತಟ್ಟಿದ ಹಾಗೆ, ಟಕ್. ಟಕ್. ಟಕ್. ನೀಲಿ ದೀಪ ಕಿತ್ತಳೆ ಬಣ್ಣಕ್ಕೆ ತಿರುಗಿತು.

‘ರೀ, ಬನ್ನಿ ಇಲ್ಲಿ. ಇದೇನೋ ಸದ್ದು ಮಾಡ್ತಿದೆ.’

ಗಂಡ ಬಂದ. ಕನ್ನಡಕದ ಅಂಗಡಿ ಇಟ್ಟವನು. ಯಾವುದನ್ನು ಕಂಡರೂ ಮೊದಲು ಒರೆಸಿ ನೋಡುವ ಸ್ವಭಾವ. ಪೆಟ್ಟಿಗೆಯನ್ನು ಒರೆಸಿದ. ‘ಆರಿಸಿ ಹಾಕು. ಒಂದ್ಸಲ ಆರಿಸಿ ಹಾಕಿದ್ರೆ ಎಲ್ಲ ದಾರಿಗೆ ಬರತ್ತೆ.’

ಆರಿಸಿ ಹಾಕಿದಳು. ಟಕ್ ಟಕ್. ಮತ್ತೆ ಆರಿಸಿ ಹಾಕಿದಳು. ‘ಇನ್ನೊಂದ್ಸಲ,’ ಅಂದ ಗಂಡ. ಹೀಗೆ ಹನ್ನೊಂದು ಸಲ. ಹನ್ನೊಂದನೆಯ ಸಲಕ್ಕೆ ಆ ಟಕ್ ಟಕ್ ಕೂಡ ನಿಂತು, ಮರದ ಮೇಲೆ ಮರಳುಕಾಗದ ತಿಕ್ಕಿದಂಥ ಕೊರಕೊರ ಸದ್ದು ಬಂತು. ಅವಳು ಹಿಂದೆ ತಿರುಗಿದಳು. ತಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಹಲಗೆಯ ಮೇಲೆ ಅದೇ ಎರಡು ಮಾತು ಇನ್ನೂ ಇತ್ತು.

ಫೈಲಕ್ಕನ ಕೈಯಲ್ಲಿ ವಸ್ತು ಕಳೆದುಹೋಯಿತು ಅಂದರೆ ಅವಳ ಪರಿಚಯವಿದ್ದ ಯಾರೂ ನಂಬುತ್ತಿರಲಿಲ್ಲ. ಮೂವತ್ತೊಂದು ವರ್ಷದಿಂದ ಅವಳು ದೊಡ್ಡಾಸ್ಪತ್ರೆಯ ನೆಲಮಾಳಿಗೆಯ ದಾಖಲೆ ಕೊಠಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಕಿಟಕಿಯಿಲ್ಲದ ಉದ್ದನೆಯ ಕೋಣೆ, ಸೂರು ಮುಟ್ಟುವ ಕಬ್ಬಿಣದ ಕಪಾಟುಗಳು, ಬಣ್ಣಬಣ್ಣದ ಪಟ್ಟಿ ಅಂಟಿಸಿದ ಲಕ್ಷಗಟ್ಟಲೆ ಕಡತಗಳು. ಡಾಕ್ಟರು ಮೇಲಿನಿಂದ ಫೋನ್ ಮಾಡಿ ‘ಹನ್ನೆರಡು ವರ್ಷದ ಹಿಂದೆ ಒಬ್ಬರಿಗೆ ಮಂಡಿ ಆಪರೇಷನ್ ಆಗಿತ್ತಲ್ಲ’ ಅಂದರೆ ಸಾಕು, ಹತ್ತು ನಿಮಿಷದಲ್ಲಿ ಕಡತ ಮೇಜಿನ ಮೇಲಿರುತ್ತಿತ್ತು. ಹಾಗಾಗಿಯೇ ಆಸ್ಪತ್ರೆಯಲ್ಲಿ ಕಸ ಗುಡಿಸುವವರಿಂದ ಹಿಡಿದು ಹಿರಿಯ ಸರ್ಜನ್‌ವರೆಗೆ ಎಲ್ಲರಿಗೂ ಅವಳು ಫೈಲಕ್ಕ. ಹುಟ್ಟಿನ ಹೆಸರು ಸಂಬಳದ ಚೀಟಿಯಲ್ಲಷ್ಟೇ ಉಳಿದಿತ್ತು. ಇಡೀ ನೌಕರಿಯಲ್ಲಿ ಒಂದೇ ಒಂದು ಕಡತ ತಪ್ಪಿಹೋಗಿತ್ತು. ಹನ್ನೊಂದು ದಿನ ಊಟ ಸೇರದೆ ಹುಡುಕಿ, ಕೊನೆಗೆ ಕಪಾಟಿನ ಹಿಂದೆ ಬಿದ್ದಿದ್ದನ್ನು ಛತ್ರಿಯ ಕೊಕ್ಕೆಯಿಂದ ಎಳೆದು ತೆಗೆದಿದ್ದಳು.

ತಮ್ಮನ ಕಥೆ ಬೇರೆ. ಅವನು ಯಾವುದನ್ನೂ ಕೂಡಿಡುವ ಆಸಾಮಿಯಲ್ಲ. ಬಾಯಿಂದಲೇ ಬದುಕಿದವನು. ಇಪ್ಪತ್ತಾರು ವರ್ಷ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಯಾವ ಅಂಕಣಕ್ಕೆ ಬರುತ್ತದೆ, ಎಷ್ಟು ತಡ, ಯಾರ ಮಗು ವಿಚಾರಣೆಯ ಕಿಟಕಿಯ ಹತ್ತಿರ ಅಳುತ್ತ ನಿಂತಿದೆ, ಎಲ್ಲ ಹೇಳುತ್ತಿದ್ದ. ತಡವಾದ ಬಸ್ಸನ್ನೂ ಅವನು ಹೇಳಿದರೆ ಜನಕ್ಕೆ ಸಿಟ್ಟು ಬರುತ್ತಿರಲಿಲ್ಲ. ಹದವಾಗಿ ಕಾಸಿದ ಹಾಲಿನಂಥ ದನಿ; ತುಂಬಿಕೊಂಡೂ ಇರುತ್ತಿತ್ತು, ಉಕ್ಕುತ್ತಲೂ ಇರಲಿಲ್ಲ. ಅಂಥ ಗಂಟಲಲ್ಲೇ ಗಡ್ಡೆ ಬೆಳೆಯಿತು. ಗಂಟಲಿನ ಧ್ವನಿಪೆಟ್ಟಿಗೆಯನ್ನೇ ಪೂರ್ತಿ ತೆಗೆಯಬೇಕು, ಉಸಿರಾಟಕ್ಕೆ ಕುತ್ತಿಗೆಯಲ್ಲೇ ತೂತು ಮಾಡಬೇಕು, ಆಮೇಲೆ ದನಿ ಇರುವುದಿಲ್ಲ ಅಂದರು ಡಾಕ್ಟರು.

ಆಪರೇಷನ್ನಿಗೆ ಏಳು ವಾರ ಇದ್ದಾಗ ಆಸ್ಪತ್ರೆಯ ಸ್ಪೀಚ್ ಮೇಡಂ ಒಂದು ದಾರಿ ಹೇಳಿದರು. ಮಾತು ಕಳೆದುಕೊಂಡವರಿಗೆ ಮತ್ತೆ ಮಾತಾಡುವ ದಾರಿ ತೋರಿಸುವುದೇ ಅವರ ಕೆಲಸ. ‘ಈಗಲೇ ಸಾವಿರದಾರುನೂರು ವಾಕ್ಯ ಓದಿ ರೆಕಾರ್ಡ್ ಮಾಡಿಟ್ಟುಬಿಡಿ. ಮುಂದೆ ಅದರಿಂದ ಯಂತ್ರಕ್ಕೆ ನಿಮ್ಮ ದನಿಯನ್ನೇ ಕಲಿಸಬಹುದು. ನೀವು ಟೈಪ್ ಮಾಡಿದ್ದನ್ನ ಅದು ನಿಮ್ಮ ದನಿಯಲ್ಲೇ ಹೇಳತ್ತೆ,’ ಅಂದರು.

ಆ ಏಳು ವಾರ ಅಕ್ಕ ತಮ್ಮ ಇಬ್ಬರೂ ಕಪಾಟಿನ ಬಾಗಿಲು ತೆರೆದು, ಹೊರಗಿನ ಸದ್ದು ಬಾರದಂತೆ ಸುತ್ತ ರಜಾಯಿ ಕಟ್ಟಿ, ಬೆವರು ಸುರಿಸುತ್ತ ಕೂತು ರೆಕಾರ್ಡ್ ಮಾಡಿದರು. ಓದಬೇಕಾಗಿದ್ದ ವಾಕ್ಯಗಳೋ ತಲೆಬುಡವಿಲ್ಲದವು. ‘ಹಳದಿ ಕುದುರೆಗೆ ಗಣಿತ ಬರುವುದಿಲ್ಲ.’ ‘ಐದು ಛತ್ರಿಗಳನ್ನು ಒಂದೇ ಡಬ್ಬದಲ್ಲಿ ತುಂಬಬೇಡಿ.’ ತಮ್ಮ ಓದುತ್ತ ನಗುತ್ತಿದ್ದ, ನಗು ಬಂದಾಗಲೆಲ್ಲ ಆ ವಾಕ್ಯ ಮತ್ತೆ ಓದಬೇಕಾಗುತ್ತಿತ್ತು. ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನಕ್ಕೆ ಕೊನೆಯ ವಾಕ್ಯ ಮುಗಿಯಿತು.

ಇದನ್ನೆಲ್ಲ ಎಲ್ಲಿ ಇಡುವುದು? ಫೈಲಕ್ಕನಿಗೆ ಇದು ನಿದ್ದೆಗೆಡಿಸುವ ಪ್ರಶ್ನೆಯಾಗಿತ್ತು. ಕ್ಲೌಡಿಗೆ ಹಾಕಿ ಅಂದರು ಜೊತೆಗೆ ಕೆಲಸ ಮಾಡುವವರು. ‘ಅಂದ್ರೆ ಯಾರದೋ ಮನೇಲಿ ನಮ್ಮ ಗಂಟು ಇಟ್ಟು ಬರೋದು ತಾನೆ? ಅವರು ಬಾಗಿಲು ಹಾಕ್ಕೊಂಡು ಹೋದ್ರೆ?’ ಅಂದಳು ಅವಳು. ಪೆನ್ ಡ್ರೈವ್ ಸಾಕು ಅಂದ ಗಂಡ. ‘ಅದು ಹುಣಸೆಬೀಜದಷ್ಟಿದೆ, ಕಸದ ಜೊತೆ ಗುಡಿಸಿಹೋಗತ್ತೆ,’ ಅಂದಳು. ಕೊನೆಗೆ ಕಂಪ್ಯೂಟರ್ ಅಂಗಡಿಯವನು ಈ ಕಪ್ಪು ಪೆಟ್ಟಿಗೆ ತೋರಿಸಿದ. ಒಳಗೆ ನಾಲ್ಕು ನಾಲ್ಕು ಟೆರಾಬೈಟಿನ (ಟಿಬಿ) ಎರಡು ಡಿಸ್ಕ್. ‘ಎರಡಿದೆಯಲ್ಲ ಮೇಡಂ, ಚಿಂತೆ ಯಾಕೆ?’ ಅಂದ. ಎರಡಿದೆ ಅನ್ನುವ ಮಾತೇ ಅವಳಿಗೆ ಸಾಕಾಯಿತು. ಒಂದು ಮೂಲ, ಒಂದು ನಕಲು. ಮನೆಗೆ ತಂದು ಜೋಡಿಸಿದಾಗ ಕಂಪ್ಯೂಟರಿನ ತೆರೆಯ ಮೇಲೆ ಜಾಗ ಎಂಟು ಟಿಬಿ ಅಂತ ಬಂತು. ‘ನೋಡೇ, ಪೂರಾ ಎಂಟು ತೋರಿಸ್ತಿದೆ! ಒಳ್ಳೇ ಪೆಟ್ಟಿಗೆ ಕೊಟ್ಟ,’ ಎಂದು ಗಂಡ ಸಂತೋಷಪಟ್ಟ. ಅವಳೂ ಸಂತೋಷಪಟ್ಟಳು. ತಮ್ಮನ ದನಿಯ ಜೊತೆಗೆ ಮನೆಯ ಎಲ್ಲ ಫೋಟೋ, ಅಪ್ಪ ಅಮ್ಮನ ಹಳೆಯ ಪತ್ರಗಳ ಪ್ರತಿ, ಎಲ್ಲ ಅದಕ್ಕೆ ತುಂಬಿದಳು. ಆಮೇಲೆ ಅಚ್ಚುಕಟ್ಟಿನ ಹೆಂಗಸಲ್ಲವೆ, ಲ್ಯಾಪ್‌ಟಾಪಿನಲ್ಲೂ ರೆಕಾರ್ಡರಿನಲ್ಲೂ ಉಳಿದಿದ್ದದ್ದನ್ನು ಕಸ ಅಂದುಕೊಂಡು ಒಂದೊಂದಾಗಿ ಅಳಿಸಿಬಿಟ್ಟಳು.

ಆಪರೇಷನ್ ಆದಮೇಲೆ ತಮ್ಮ ತನ್ನ ದನಿಯ ಸುದ್ದಿ ಎತ್ತಗೊಡಲಿಲ್ಲ. ಮಾತು ಬರುವಂತೆ ಗಂಟಲಿಗೆ ಕವಾಟ ಕೂರಿಸುವ ಉಪಾಯ ಅವನಿಗೆ ಹೊಂದಲಿಲ್ಲ. ಯಂತ್ರದ ಮಾತು ಬಂದರೆ ಸಾಕು, ಹಲಗೆ ತಿರುಗಿಸಿ ಕೂರುತ್ತಿದ್ದ. ಸತ್ತವರ ಫೋಟೋ ನೋಡಲು ಹೆದರುವ ಹಾಗೆ ಅವನು ತನ್ನ ದನಿ ಕೇಳಲು ಹೆದರುತ್ತಿದ್ದಾನೆ ಅಂತ ಅವನ ಹೆಂಡತಿ ಹೇಳಿದಳು. ಒತ್ತಾಯ ಬೇಡ, ಎಲ್ಲಿಗೆ ಓಡಿಹೋಗತ್ತೆ, ಪೆಟ್ಟಿಗೆಯಲ್ಲಿದೆಯಲ್ಲ ಅಂತ ಅಕ್ಕ ಸುಮ್ಮನಿದ್ದಳು.

ಸೋಮವಾರ ರಜೆ ಹಾಕಿ, ಪೆಟ್ಟಿಗೆಯನ್ನು ದುಪ್ಪಟ್ಟಿಯಲ್ಲಿ ಸುತ್ತಿ ಎದೆಗವಚಿಕೊಂಡು, ಕೆಟ್ಟ ಡಿಸ್ಕಿನಿಂದ ಮಾಹಿತಿ ತೆಗೆಯುವ ಲ್ಯಾಬಿಗೆ ಹೋದಳು. ಅಲ್ಲಿದ್ದವಳು ಮೂವತ್ತರ ಆಸುಪಾಸಿನ ಹೆಂಗಸು, ತಲೆಗೆ ಟೋಪಿ, ಕೈಗೆ ನೀಲಿ ಗ್ಲೌಸ್. ಗಾಜಿನ ಆಚೆ ಕೋಣೆಯಲ್ಲಿ ಡಿಸ್ಕ್ ಬಿಚ್ಚಿ ನೋಡಿದಳು. ಒಂದು ಗಂಟೆ ಬಿಟ್ಟು ಹೊರಗೆ ಬಂದು ಕೂತಳು. ಆಸ್ಪತ್ರೆಯಲ್ಲಿ ಡಾಕ್ಟರು ಹಾಗೆ ಎದುರಿಗೆ ಬಂದು ಕೂತರೆ ಏನರ್ಥ ಅಂತ ಫೈಲಕ್ಕನಿಗೆ ಗೊತ್ತಿತ್ತು.

‘ಎರಡರಲ್ಲಿ ಒಂದು ಡಿಸ್ಕ್ ಹೋಗಿದೆ ಅಮ್ಮ.’

‘ಅಯ್ಯೋ ಹೋಗಲಿ ಬಿಡಮ್ಮ, ಇನ್ನೊಂದು ಇದೆಯಲ್ಲ. ಅದರಿಂದ ತೆಗೆದುಕೊಡು.’

ಲ್ಯಾಬಿನವಳು ತಲೆ ತಗ್ಗಿಸಿದಳು. ‘ಎರಡು ನಾಲ್ಕು ಸೇರಿ ನಿಮಗೆ ಎಷ್ಟು ಜಾಗ ತೋರಿಸ್ತಿತ್ತು?’

‘ಎಂಟು.’

‘ಅಲ್ಲೇ ಇರೋದು ವಿಷಯ. ಎರಡೂ ಕಡೆ ಒಂದೇ ಪ್ರತಿ ಇದ್ದಿದ್ರೆ ನಾಲ್ಕೇ ತೋರಿಸಬೇಕಾಗಿತ್ತು. ಇದನ್ನ ಜಾಸ್ತಿ ಜಾಗ, ಜಾಸ್ತಿ ವೇಗ ಸಿಗೋ ಹಾಗೆ ಜೋಡಿಸಿದ್ದಾರೆ. ಪುಸ್ತಕದ ಒಂದು ಸಾಲು ಈ ಡಿಸ್ಕಲ್ಲಿ, ಮುಂದಿನ ಸಾಲು ಆ ಡಿಸ್ಕಲ್ಲಿ. ಎರಡೂ ಇದ್ರೆ ಪುಸ್ತಕ. ಒಂದು ಹೋದ್ರೆ ಎರಡೂ ಹೋದ ಹಾಗೆ. ನಕಲು ಅನ್ನೋದು ಯಾವತ್ತೂ ಇರಲೇ ಇಲ್ಲಮ್ಮ.’

ಫೈಲಕ್ಕನಿಗೆ ಗಂಡನೂ ತಾನೂ ತೆರೆಯ ಮುಂದೆ ನಿಂತು ‘ಪೂರಾ ಎಂಟು’ ಅಂತ ಹಿಗ್ಗಿದ್ದು ಕಣ್ಣಮುಂದೆ ಬಂತು. ಅನಾಹುತ ಮೊದಲ ದಿನವೇ ಕೂಗಿ ಹೇಳಿತ್ತು. ತಾವು ಅದಕ್ಕೇ ಚಪ್ಪಾಳೆ ತಟ್ಟಿದ್ದರು.

‘ಕೆಟ್ಟ ಡಿಸ್ಕಿಂದ ಸ್ವಲ್ಪವೂ ಬರಲ್ವಾ?’

‘ಮೊದಲ ಸದ್ದಿಗೇ ನಿಲ್ಲಿಸಿದ್ರೆ ಬರ್ತಿತ್ತೇನೋ. ಓದೋ ಮುಳ್ಳು ಮುರಿದು ತಟ್ಟೆಗೆ ತಾಗ್ತಿತ್ತು. ಆನ್ ಮಾಡಿದಾಗಲೆಲ್ಲ ಅದು ಮೇಲ್ಮೈಯನ್ನ ಕೆರೆದುಹಾಕಿದೆ. ಎಷ್ಟು ಸಲ ಹಾಕಿದ್ರಿ?’

‘ಹನ್ನೊಂದು,’ ಅಂದಳು. ಆ ಸಂಖ್ಯೆ ಅವಳ ಬಾಯಿಂದ ಹೇಗೆ ಹೊರಬಿತ್ತೋ ಅವಳಿಗೇ ಗೊತ್ತಿಲ್ಲ. ಲ್ಯಾಬಿನವಳು ಗಾಜಿನಾಚೆ ಇಟ್ಟಿದ್ದ ತಟ್ಟೆಯನ್ನು ತೋರಿಸಿದಳು. ಕನ್ನಡಿಯಂತೆ ಹೊಳೆಯುವ ತಟ್ಟೆಯ ಮೇಲೆ ಬಳೆಯಾಕಾರದ ಮಸುಕು ಗೀಚು, ಸುತ್ತಲೂ ಬೂದುಬಣ್ಣದ ನುಣುಪು ಪುಡಿ. ಆ ಪುಡಿಯಲ್ಲಿ ತಮ್ಮನ ದನಿಯಿತ್ತು. ಹಳದಿ ಕುದುರೆಯೂ ಇತ್ತು.

ವಾಪಸು ಬರುವಾಗ ಅವಳಿಗೆ ದಾರಿ ನೆನಪಿರಲಿಲ್ಲ. ಎರಡು ಸಲ ತಪ್ಪು ಬಸ್ಸು ಹತ್ತಿದಳು. ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ಗಂಡನಿಗೆ ಕೇಳುವಂತೆ ತನಗೇ ಬೈದುಕೊಂಡಳು: ‘ದಾಖಲೆ ಕೊಠಡೀಲಿ ಎರಡನೇ ರಿಜಿಸ್ಟರನ್ನ ಬೇರೆ ಕಟ್ಟಡದಲ್ಲಿ ಇಡಬೇಕು ಅಂತ ಹೊಸಬರಿಗೆ ಪಾಠ ಹೇಳೋಳು ನಾನು! ಮನೇಲಿ ಎಲ್ಲ ತಂದು ಒಂದೇ ಡಬ್ಬಕ್ಕೆ ಸುರಿದೆ.’ ಆ ದಿನ ಗಂಡ ಏನನ್ನೂ ಒರೆಸಲಿಲ್ಲ.

ತಮ್ಮನಿಗೆ ಹೇಳಬೇಕಾಗಿತ್ತು. ಮರುದಿನ ಅವನ ಮನೆಗೆ ಹೋಗಿ, ಅಡುಗೆಮನೆಯ ಮೇಜಿನ ಮುಂದೆ ಕೂತು, ಏನನ್ನೂ ಮುಚ್ಚಿಡದೆ ಹೇಳಿದಳು. ಎಂಟು ತೋರಿಸಿದ್ದು, ತಾನು ಅಳಿಸಿದ್ದು, ಹನ್ನೊಂದು ಸಲ. ಅವನು ಪೂರ್ತಿ ಕೇಳಿದ. ಹಲಗೆ ತೆಗೆದುಕೊಂಡು ‘ಹೋಗ್ಲಿ ಬಿಡು ಅಕ್ಕ’ ಎಂದು ಬರೆದ. ಆಮೇಲೆ ಅದನ್ನು ಅಂಗೈಯಿಂದ ಅಳಿಸಿದ. ಮೇಲೆದ್ದ. ಮುಖ ಕೆಂಪಗಾಯಿತು, ಕುತ್ತಿಗೆಯ ನರ ಬಿಗಿದವು, ಬಾಯಿ ಅಗಲಕ್ಕೆ ತೆರೆಯಿತು. ಅವನು ಕೂಗುತ್ತಿದ್ದ. ಕುತ್ತಿಗೆಯ ತೂತಿನಿಂದ ಬರೀ ಗಾಳಿ ಭುಸ್ಸೆಂದು ಹೊರಬಂತು. ಅಲ್ಲಿ ಹೊದಿಸಿದ್ದ ತೆಳು ಬಟ್ಟೆ ಎದ್ದು ಎದ್ದು ಬಿತ್ತು. ಒಂದಿಡೀ ನಿಮಿಷ ಅವನು ಹಾಗೆ ಕೂಗಿದ. ಪಕ್ಕದ ಕೋಣೆಯಲ್ಲಿದ್ದ ಅವನ ಹೆಂಡತಿಗೆ ಏನೂ ಕೇಳಿಸಲಿಲ್ಲ.

ಅವನು ಕಪಾಳಕ್ಕೆ ಹೊಡೆದಿದ್ದರೂ ಫೈಲಕ್ಕ ತಡೆದುಕೊಳ್ಳುತ್ತಿದ್ದಳು. ಬೈಯಿಸಿಕೊಳ್ಳುವ ಭಾಗ್ಯವನ್ನೂ ತಾನೇ ಕಳೆದುಹಾಕಿದ್ದೇನೆ ಅನ್ನುವುದು ಅವಳಿಗೆ ಆಗ ತಿಳಿಯಿತು.

ಅಲ್ಲಿಂದ ಹುಡುಕಾಟ. ಹನ್ನೊಂದು ದಿನ ಹುಡುಕಿದವಳು ಹನ್ನೊಂದು ತಿಂಗಳು ಬೇಕಾದರೂ ಹುಡುಕುತ್ತಾಳೆ. ಸ್ಪೀಚ್ ಮೇಡಂ ಹೇಳಿದ್ದರು: ‘ಓದಿದ ವಾಕ್ಯಗಳೇ ಬೇಕಂತೇನಿಲ್ಲ. ಅವರು ಒಬ್ಬರೇ ಮಾತಾಡಿದ್ದು, ಹಿಂದೆ ಗಲಾಟೆ ಇಲ್ಲದ್ದು, ಒಂದೆರಡು ಗಂಟೆ ಸಿಕ್ಕಿದ್ರೂ ಸಾಕು.’

ಮೊದಲು ಬಸ್ ನಿಲ್ದಾಣಕ್ಕೆ ಹೋದಳು. ಇಪ್ಪತ್ತಾರು ವರ್ಷ ಮಾತಾಡಿದವನ ದನಿ ಅಲ್ಲಿಲ್ಲದೆ ಇನ್ನೆಲ್ಲಿರತ್ತೆ? ಅಲ್ಲಿನ ಮೇಲ್ವಿಚಾರಕರು ಕುರ್ಚಿ ಕೊಟ್ಟು ಕೂರಿಸಿದರು, ತಮ್ಮನ ಆರೋಗ್ಯ ವಿಚಾರಿಸಿದರು, ಆಮೇಲೆ ಕೈ ಹಿಸುಕಿಕೊಂಡರು. ‘ಅವರು ಮೈಕಿಗೆ ನೇರವಾಗಿ ಹೇಳ್ತಿದ್ರು ಅಮ್ಮ. ಯಾವುದನ್ನೂ ರೆಕಾರ್ಡ್ ಮಾಡಿಲ್ಲ. ಹೇಳಿದ್ದು ಹೇಳಿದ ಹಾಗೇ ಗಾಳೀಲಿ ಹೋಯ್ತು.’ ಹೊರಗೆ ಯಂತ್ರದ ಹೆಣ್ಣುದನಿಯೊಂದು ಬಸ್ಸಿನ ಹೆಸರುಗಳನ್ನು ಕಲ್ಲು ಎಣಿಸಿದಂತೆ ಎಣಿಸುತ್ತಿತ್ತು.

ತಮ್ಮನ ಫೋನಿನಲ್ಲಿ ಏನೂ ಇರಲಿಲ್ಲ, ಕಳಿಸಿದ್ದನ್ನು ಅವನು ಅಂದಂದೇ ಅಳಿಸುವವನು. ನೆಂಟರ ಫೋನುಗಳಲ್ಲಿ ಫೋಟೋಗಳ ರಾಶಿ, ದನಿ ಇಲ್ಲ. ವಿಡಿಯೋಗಳಲ್ಲಿ ಅವನು ಬಾಯಿ ತೆರೆದ ಕೂಡಲೇ ಯಾರಾದರೂ ನಗುತ್ತಿದ್ದರು, ಮಗು ಅಳುತ್ತಿತ್ತು, ಪಾತ್ರೆ ಬೀಳುತ್ತಿತ್ತು. ಹೆಂಡತಿಯ ಫೋನಿನಲ್ಲಿ ಅವನ ಮೂರು ಸಂದೇಶ ಸಿಕ್ಕವು. ಮೂರರಲ್ಲೂ ‘ಹಾಂ, ಬಂದೆ’ ಅಂತಷ್ಟೇ ಇತ್ತು. ‘ನನ್ನ ಹತ್ರ ಎಷ್ಟು ಮಾತಾಡಿದಾರೆ ನೋಡಿ ಅತ್ತಿಗೆ, ಇಪ್ಪತ್ತೆರಡು ವರ್ಷದ ಸಂಸಾರ,’ ಎಂದು ಅವಳು ನಗಲು ಹೋಗಿ ಅತ್ತುಬಿಟ್ಟಳು. ಮೂಗು ಒರೆಸಿಕೊಂಡು ತಡೆದು ತಡೆದು ಹೇಳಿದಳು: ‘ಒಬ್ಬರ ಹತ್ರ ಇರಬಹುದು. ಆದರೆ ಕೇಳೋಕೆ ಮುಖ ಇಲ್ಲ.’

ಆ ಒಬ್ಬರು ತಮ್ಮನ ಷಡ್ಡಕ. ಅಂದರೆ ತಮ್ಮನ ಹೆಂಡತಿಯ ಅಕ್ಕನ ಗಂಡ. ಷಡ್ಡಕರಿಬ್ಬರಿಗೂ ಎಣ್ಣೆ ಸೀಗೆಕಾಯಿ. ನಾಲ್ಕು ವರ್ಷದ ಕೆಳಗೆ ತಮ್ಮ ತನ್ನ ಏಣಿಯನ್ನು ಅವನಿಗೆ ಕೊಟ್ಟಿದ್ದ. ವಾಪಸು ಬಂದಾಗ ಒಂದು ಮೆಟ್ಟಿಲು ಮುರಿದಿತ್ತು. ಮೊದಲೇ ಮುರಿದಿತ್ತು ಅಂದ ಅವನು. ಏಣಿಯಿಂದ ಶುರುವಾದದ್ದು ಅತ್ತೆಮನೆಯ ಹಳೆಯ ಲೆಕ್ಕಾಚಾರಕ್ಕೆಲ್ಲ ಹತ್ತಿತು. ಎದುರುಬದುರು ಮಾತು ನಿಂತಮೇಲೆ ತಮ್ಮ ಫೋನಿನಲ್ಲಿ ದನಿಯ ಸಂದೇಶ ಕಳಿಸತೊಡಗಿದ. ಟೈಪ್ ಮಾಡುವುದು ಅವನಿಗೆ ಯಾವತ್ತೂ ಒಗ್ಗದ ಕೆಲಸ. ಪ್ರತಿ ಸಂದೇಶಕ್ಕೂ ಷಡ್ಡಕನಿಂದ ಒಂದೇ ಪದದ ಉತ್ತರ ಬರುತ್ತಿತ್ತು: ‘ಕೇಳಿದೆ.’ ಆ ‘ಕೇಳಿದೆ’ ನೋಡಿದರೆ ತಮ್ಮನ ಮೈಯೆಲ್ಲ ಉರಿದು, ಇನ್ನೊಂದು ಸಂದೇಶ ಹೋಗುತ್ತಿತ್ತು.

ಫೈಲಕ್ಕ ಮುಖ ನೋಡಿಕೊಂಡು ಕೂರಲಿಲ್ಲ. ಮರುವಾರದ ಬುಧವಾರ ಸಂಜೆ ನಾಲ್ಕಕ್ಕೆ ಷಡ್ಡಕನ ಮನೆಯ ಕರೆಗಂಟೆ ಒತ್ತಿದಳು. ಅವನು ಲಿಫ್ಟುಗಳ ತಪಾಸಣೆ ಮಾಡುವ ಇನ್‌ಸ್ಪೆಕ್ಟರು. ಐದೂವರೆ ಅಡಿಯ ಸಣಕಲು ಮನುಷ್ಯ, ಜೇಬಿನಲ್ಲಿ ಟಾರ್ಚು. ಅವಳನ್ನು ಕಂಡು ಬಾಗಿಲಲ್ಲೇ ನಿಂತ.

‘ಏಣಿ ವಿಷಯಾನಾ ಅಕ್ಕ?’

‘ಏಣಿ ಹಾಳಾಗ್ಲಿ ಮಹರಾಯ. ಅವನು ನಿನಗೆ ಬೈದು ಕಳಿಸ್ತಿದ್ನಲ್ಲ, ಅದರಲ್ಲಿ ಏನಾದ್ರೂ ಉಳಿದಿದೆಯಾ?’

‘ಏನಾದ್ರೂ ಅಂದ್ರೆ? ನಾನೂರ ಹನ್ನೆರಡು ಇದೆ. ಒಂದೂ ಅಳಿಸಿಲ್ಲ.’

‘ಯಾಕಪ್ಪಾ ಇಟ್ಕೊಂಡೆ?’

‘ನಾಳೆ ಮಾತು ಬಂದ್ರೆ ಸಾಕ್ಷಿ ಬೇಕಲ್ಲ.’

ಒಳಗೆ ಕರೆದುಕೊಂಡು ಹೋದ. ಅವನ ಮೇಜಿನ ಮೇಲೆ ಕಂಡದ್ದು ಅವಳಿಗೆ ಎರಡನೆಯ ಏಟು. ಒಂದು ಹಳೆ ಕಂಪ್ಯೂಟರು. ಅದರ ಪಕ್ಕ ಒಂದು ಹೊರಗಿನ ಡಿಸ್ಕು, ಮೇಲೆ ಕಾಗದ ಅಂಟಿಸಿ ದಿನಾಂಕಗಳನ್ನು ಸಾಲಾಗಿ ಬರೆದಿದ್ದ. ‘ಇದರದ್ದೇ ಇನ್ನೊಂದು ಜೋಡಿ ನನ್ನ ತಂಗಿ ಮನೇಲಿದೆ, ನದಿ ಆಚೆ. ತಿಂಗಳಿಗೊಂದ್ಸಲ ಇದನ್ನ ಅಲ್ಲಿಟ್ಟು ಅದನ್ನ ಇಲ್ಲಿಗೆ ತರ್ತೀನಿ. ಮನೆಗೆ ಬೆಂಕಿ ಬಿತ್ತು ಅನ್ಕೊಳ್ಳಿ, ಕಳ್ಳ ಬಂದ ಅನ್ಕೊಳ್ಳಿ, ನಾನೇ ತಪ್ಪಿ ಅಳಿಸಿದೆ ಅನ್ಕೊಳ್ಳಿ, ಒಂದಲ್ಲ ಒಂದು ಕಡೆ ಉಳಿಯತ್ತೆ.’

‘ಇಷ್ಟೆಲ್ಲ ಯಾರು ಹೇಳಿಕೊಟ್ರು?’

‘ಲಿಫ್ಟು. ಒಂದು ಹಗ್ಗ ಸಾಕು ಭಾರ ಹೊರೋಕೆ. ಆದ್ರೂ ಐದು ಹಾಕ್ತಾರೆ, ಆಮೇಲೆ ಐದೂ ಕಿತ್ತುಹೋದ್ರೆ ಹಿಡಿಯೋಕೆ ಬ್ರೇಕು. ಆ ಬ್ರೇಕು ಹಿಡಿಯತ್ತೋ ಇಲ್ವೋ ಅಂತ ವರ್ಷಾ ವರ್ಷಾ ಬಿಟ್ಟು ನೋಡ್ತೀನಿ. ನೋಡದೇ ಇರೋ ಬ್ರೇಕು ಇದ್ರೂ ಒಂದೇ ಬಿಟ್ರೂ ಒಂದೇ.’ ಅವನು ತೆರೆಯ ಮೇಲಿನ ಒಂದು ಕಡತ ಒತ್ತಿದ. ‘ನೋಡಿ, ಕೇಳಿ.’

‘ಅಯ್ಯಾ ಮಹಾನುಭಾವ! ಏಣಿ ಮೊದಲೇ ಮುರಿದಿತ್ತು ಅಂತೀಯಲ್ಲ, ಹಾಗಿದ್ರೆ ನೀನು ಅದನ್ನ ಹತ್ತಿದ್ದು ಹೇಗೆ, ಹಾರಿಕೊಂಡು ಹೋದೆಯಾ?’

ತಮ್ಮನ ದನಿ. ಕೋಣೆಯ ತುಂಬ ತಮ್ಮನ ದನಿ. ಸಿಟ್ಟಿನ ನಡುವೆಯೂ ಪ್ರತಿ ಅಕ್ಷರ ಬಿಡಿಸಿಟ್ಟ ಹಾಗೆ, ಆರನೆಯ ಅಂಕಣದ ಕೊನೆಯಲ್ಲಿ ನಿಂತವರಿಗೂ ಕೇಳುವ ಹಾಗೆ. ಫೈಲಕ್ಕನ ಕೈ ಬಾಯಿಗೆ ಹೋಯಿತು. ಷಡ್ಡಕ ತೆರೆಯನ್ನೇ ನೋಡುತ್ತಿದ್ದ. ‘ಬೈಗುಳ ಅಂದ್ರೂ ಏನು ಸ್ಪಷ್ಟ ನೋಡಿ ಅಕ್ಕ,’ ಅಂದ ಮೆಲ್ಲಗೆ. ‘ಸಾಕ್ಷಿಗೆ ಅಂತಲೇ ಇಟ್ಟೆ. ಅವರ ಆಪರೇಷನ್ ಆದಮೇಲೆ ಯಾಕೋ ಆಗಾಗ ಹಾಕ್ಕೊಂಡು ಕೇಳ್ತಿದ್ದೆ. ಹೆಂಡ್ತಿ ನಗ್ತಾಳೆ.’

ನಾನೂರ ಹನ್ನೆರಡು ಸಂದೇಶ ಸೇರಿ ನಾಲ್ಕು ಗಂಟೆಗೂ ಮಿಗಿಲು. ಸ್ಪೀಚ್ ಮೇಡಂ ಕೇಳಿ ಕಣ್ಣರಳಿಸಿದರು. ಒಬ್ಬನೇ, ಮುಚ್ಚಿದ ಕೋಣೆಯಲ್ಲಿ, ಫೋನಿಗೆ ಬಾಯಿ ಹತ್ತಿರ ಹಿಡಿದು ಆಡಿದ ಮಾತು. ‘ಇದಕ್ಕಿಂತ ಒಳ್ಳೇದು ಸಿಗಲ್ಲ. ಆದರೆ ಯಂತ್ರ ಕಲಿಯೋದು ತನಗೆ ಕೊಟ್ಟಿದ್ದನ್ನ ಮಾತ್ರ. ಪೂರ್ತಿ ಜಗಳವೇ ಇದೆ,’ ಎಂದು ಎಚ್ಚರಿಸಿದರು.

ಯಂತ್ರ ಕಲಿಯುತ್ತಿದ್ದ ಮೂರು ವಾರದಲ್ಲಿ ಫೈಲಕ್ಕ ಮನೆಯ ವ್ಯವಸ್ಥೆ ಹೊಸದಾಗಿ ಕಟ್ಟಿದಳು. ಈ ಸಲ ಅಂಗಡಿಯವನ ಮಾತು ಕೇಳದೆ ತಾನೇ ಪ್ರಶ್ನೆ ಬರೆದುಕೊಂಡು ಹೋದಳು. ಎರಡು ಡಿಸ್ಕಿನ ಹೊಸ ಪೆಟ್ಟಿಗೆ ಬಂತು. ಒಂದರಲ್ಲಿದ್ದದ್ದು ಇನ್ನೊಂದರಲ್ಲೂ ಇರುವಂತೆ ಎದುರಿಗೇ ಜೋಡಿಸಿಕೊಂಡಳು. ತೆರೆಯ ಮೇಲೆ ‘ನಾಲ್ಕು’ ಅಂತ ಬಂದಾಗ ಗಂಡನಿಗೆ, ‘ಈಗ ಹಿಗ್ಗಿ,’ ಅಂದಳು. ಅಷ್ಟಕ್ಕೇ ನಂಬಲಿಲ್ಲ. ತಪ್ಪಿ ಅಳಿಸಿದರೆ ಎರಡರಲ್ಲೂ ಒಟ್ಟಿಗೇ ಅಳಿದುಹೋಗುತ್ತದೆ ಅಂತ ಲ್ಯಾಬಿನವಳು ಹೇಳಿದ್ದಳು. ಹಾಗಾಗಿ ಬಿಡಿ ಡಿಸ್ಕಿನಲ್ಲಿ ಬೇರೆ ಪ್ರತಿ, ಅದು ತಮ್ಮನ ಮನೆಯ ಬೀರುವಿನಲ್ಲಿ. ಬೇಡ ಬೇಡ ಅಂದಿದ್ದ ಕ್ಲೌಡಿಗೂ ಒಂದು ಪ್ರತಿ ಹೋಯಿತು, ಯಾರೂ ತೆರೆದು ನೋಡದಂತೆ ಬೀಗ ಹಾಕಿ. ಬೀಗದ ಗುಪ್ತಪದವನ್ನು ಕಾಗದದಲ್ಲಿ ಬರೆದು ಎರಡು ಕಡೆ ಇಟ್ಟಳು. ‘ಅತಿಯಾಯ್ತು ಕಣೇ,’ ಅಂದ ಗಂಡ. ‘ಹನ್ನೊಂದು ಸಲ ಆರಿಸಿ ಹಾಕಿಸಿದ್ದು ಯಾರು?’ ಅಂದಳು. ಅವನು ಕನ್ನಡಕ ಒರೆಸಿಕೊಂಡ.

ತಿಂಗಳ ಮೊದಲ ಶನಿವಾರ ಒಂದೊಂದು ಕಡೆಯಿಂದ ಒಂದೊಂದು ಕಡತ ತೆಗೆದು ತೆರೆದು ನೋಡುವ ನೇಮ ಹಾಕಿಕೊಂಡಳು. ಮೊದಲ ಶನಿವಾರವೇ ಬಿಡಿ ಡಿಸ್ಕಿನಲ್ಲಿ, ನೆಂಟರ ಫೋನುಗಳಿಂದ ಮತ್ತೆ ಕೂಡಿಸಿದ್ದ ಫೋಟೋಗಳ ಒಂದು ವರ್ಷವೇ ಇರಲಿಲ್ಲ. ನಕಲು ಮಾಡುವಾಗ ನಡುವೆ ತಂತಿ ಸಡಿಲವಾಗಿತ್ತು. ತೆರೆದು ನೋಡದಿದ್ದರೆ ಎಲ್ಲ ಸರಿಯಿದೆ ಅಂತಲೇ ಇರುತ್ತಿದ್ದಳು. ಹಳೆಯ ಪೆಟ್ಟಿಗೆಯಲ್ಲಿದ್ದ ಅಪ್ಪ ಅಮ್ಮನ ಪತ್ರಗಳು ಮಾತ್ರ ಮರಳಿ ಸಿಗಲೇ ಇಲ್ಲ. ಮೂಲ ಕಾಗದಗಳನ್ನು ಪ್ರತಿ ತೆಗೆದ ಮೇಲೆ ಹರಿದುಹಾಕಿದ್ದಳು. ಆ ಮಾತನ್ನು ಅವಳು ಯಾರಿಗೂ ಹೇಳುತ್ತಿರಲಿಲ್ಲ.

ಯಂತ್ರ ಸಿದ್ಧವಾದ ದಿನ ಎಲ್ಲರೂ ತಮ್ಮನ ಮನೆಯಲ್ಲಿ ಸೇರಿದರು. ಷಡ್ಡಕನೂ ಬಂದ, ಬಾಗಿಲ ಹತ್ತಿರದ ಕುರ್ಚಿ ಹಿಡಿದು ಕೂತ. ಪುಸ್ತಕದಷ್ಟಗಲದ ಟ್ಯಾಬ್ಲೆಟನ್ನು ಸ್ಪೀಚ್ ಮೇಡಂ ಮೇಜಿನ ಮೇಲಿಟ್ಟರು. ತಮ್ಮ ಬೆರಳು ಚಾಚಿದ, ಹಿಂದೆ ತೆಗೆದ, ಪ್ಯಾಂಟಿಗೆ ಒರೆಸಿಕೊಂಡ. ಕೊನೆಗೆ ಒಂದೊಂದೇ ಅಕ್ಷರ ಒತ್ತಿದ.

‘ನೀರು ಕೊಡು!’ ಎಂದು ಗದರಿತು ಯಂತ್ರ.

ಅವನ ಹೆಂಡತಿ ಬೆಚ್ಚಿಬಿದ್ದು ಅಡುಗೆಮನೆಗೆ ಓಡಿದಳು. ಅರ್ಧ ದಾರಿಯಲ್ಲಿ ನಿಂತು, ಹಿಂದೆ ತಿರುಗಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ತಮ್ಮನ ಎರಡೂ ಕೈ ಕುತ್ತಿಗೆಗೆ ಹೋಗಿದ್ದವು. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಅವನು ಮತ್ತೆ ಒತ್ತಿದ.

‘ಎಲ್ಲರೂ ಯಾಕೆ ಹಾಗೆ ನೋಡ್ತೀರಿ!’

ಅದೂ ಬೈಗುಳದ ಧಾಟಿಯಲ್ಲೇ ಬಂತು. ಮೊದಲು ನಕ್ಕದ್ದು ಷಡ್ಡಕ. ತಡೆಯಲಾಗದೆ, ಹೊಟ್ಟೆ ಹಿಡಿದುಕೊಂಡು. ತಮ್ಮ ಅವನತ್ತ ತಿರುಗಿದ. ನಾಲ್ಕು ವರ್ಷದಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೇರ ನೋಡಿದ್ದು ಅದೇ ಮೊದಲು. ತಮ್ಮನ ಭುಜ ಕುಣಿಯತೊಡಗಿತು. ಸದ್ದಿಲ್ಲದೆ ನಗುತ್ತಿದ್ದ, ಕಣ್ಣಿಂದ ನೀರು ಸುರಿಯುತ್ತಿತ್ತು. ‘ಏಣಿ ಮೊದಲೇ ಮುರಿದಿತ್ತು,’ ಅಂದ ಷಡ್ಡಕ. ತಮ್ಮ ತಡಮಾಡದೆ ಟೈಪ್ ಮಾಡಿದ. ‘ಕೇಳಿದೆ,’ ಎಂದಿತು ಯಂತ್ರ. ಜಗಳ ಅಲ್ಲಿಗೆ ಮುಗಿಯಲಿಲ್ಲ, ಇವತ್ತಿಗೂ ಮುಗಿದಿಲ್ಲ. ವಾರಕ್ಕೊಮ್ಮೆ ಷಡ್ಡಕ ಬರುತ್ತಾನೆ, ಇಬ್ಬರೂ ಎದುರುಬದುರು ಕೂತು ವಾದ ಮಾಡುತ್ತಾರೆ.

ಫೈಲಕ್ಕ ಆ ದಿನ ಮೂಲೆಯಲ್ಲಿ ನಿಂತೇ ಇದ್ದಳು. ಹತ್ತಿರ ಹೋಗಲು ಅವಳಿಗೆ ಧೈರ್ಯ ಸಾಲಲಿಲ್ಲ. ಎಲ್ಲರೂ ಊಟಕ್ಕೆ ಎದ್ದಮೇಲೆ ತಮ್ಮ ಟ್ಯಾಬ್ಲೆಟ್ ಹಿಡಿದು ಅವಳ ಮುಂದೆ ಬಂದು ನಿಂತ. ಎರಡು ಅಕ್ಷರ ಒತ್ತಿದ.

‘ಅಕ್ಕ.’

ಆ ಮಾತಿನಲ್ಲಿ ಗದರಿಕೆ ಇರಲಿಲ್ಲ. ಚಿಕ್ಕವನಿದ್ದಾಗ ಬಾಗಿಲಾಚೆಯಿಂದ ಕರೆಯುತ್ತಿದ್ದ ಹಾಗೆ ಸ್ವಲ್ಪ ಎಳೆದಿತ್ತು. ನಾನೂರ ಹನ್ನೆರಡನ್ನೂ ಅವಳು ಒಂದೊಂದಾಗಿ ಕೇಳಿ, ಅಂಕೆ ಹಾಕಿ, ಪಟ್ಟಿ ಮಾಡಿದ್ದಳು. ಷಡ್ಡಕನಿಗೆ ಕಳಿಸಿದ ಬೈಗುಳದಲ್ಲಿ ಎಲ್ಲೂ ಆ ಪದ ಇರಲಿಲ್ಲ. ಅದು ಅವಳಿಗೆ ಖಚಿತವಾಗಿ ಗೊತ್ತಿತ್ತು.

‘ಇದು ಯಾವ ಕಡತದಿಂದ ಬಂತು?’ ಎಂದು ಬಾಗಿಲಲ್ಲಿ ನಿಂತಿದ್ದ ಸ್ಪೀಚ್ ಮೇಡಂ ಕಡೆ ತಿರುಗಿ ಕೇಳಿದಳು.

‘ಯಾವುದರಿಂದಲೂ ಇಲ್ಲಮ್ಮ. ಈಗ ಹುಟ್ಟಿದ್ದು.’

ಅವಳು ತಮ್ಮನ ಕೈಯಿಂದ ಟ್ಯಾಬ್ಲೆಟನ್ನು ಮೆಲ್ಲಗೆ ತೆಗೆದುಕೊಂಡು, ಅದನ್ನೇ ಮತ್ತೊಮ್ಮೆ ಹೇಳಿಸಲು ಅವನು ತೋರಿಸಿದ ಗುಂಡಿಯನ್ನು ಒತ್ತಿದಳು. ಮೂರನೆಯ ಸಲ ಒತ್ತಲು ಹೋದಾಗ ಅವನು ಕಿತ್ತುಕೊಂಡು, ಗೋಡೆಗೆ ಒರಗಿ, ಬೇಗ ಬೇಗ ಟೈಪ್ ಮಾಡಿದ.

‘ಸಾಕು, ಊಟಕ್ಕೆ ಬಾ!’ ಎಂದು ಗದರಿತು ಅದು.